ಹೆಚ್ಚುಕಮ್ಮಿ ಮೇಡಂ

ಆ ವಿದ್ಯುತ್ ಕಂಪನಿಯಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವಳು ಹೆಚ್ಚುಕಮ್ಮಿ ಮೇಡಂ. ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಬರೀ ಹೆಚ್ಚುಕಮ್ಮಿ. ಅವಳಿಗೇನು ಇದು ತಿಳಿಯದ ವಿಷಯವಲ್ಲ. ಒಮ್ಮೆ ಫೋನೆತ್ತಿ "ಹೆಚ್ಚುಕಮ್ಮಿ ಮಾತಾಡ್ತಿರೋದು, ಹೇಳಿ" ಎಂದು ತಾನೇ ಹೇಳಿ ಆ ಕಡೆಯವರ ಮಾತು ನಿಲ್ಲಿಸಿದ್ದಳು.

ಹೆಸರು ಬಂದದ್ದು ಅವಳ ನಾಲಿಗೆಯಿಂದಲೇ. ಬಸ್ಸು ಯಾವಾಗ ಬರುತ್ತದೆ ಎಂದರೆ "ಇನ್ನು ಹತ್ತು ನಿಮಿಷ, ನಾಲ್ಕು ಹೆಚ್ಚುಕಮ್ಮಿ" ಎನ್ನುವಳು. ತರಕಾರಿಯವಳು ಹೂಕೋಸನ್ನು ತಕ್ಕಡಿಗೆ ಹಾಕುವ ಮೊದಲೇ ಅದರ ತೂಕ ಹೇಳಿ, ಎಷ್ಟು ತಪ್ಪಬಹುದು ಎಂಬುದನ್ನೂ ಹೇಳಿಬಿಡುವಳು. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು. ಅರೆ ಸೆಕೆಂಡಿಗೂ ಲೆಕ್ಕ ಕೇಳುವ ಮನುಷ್ಯನಿಗೆ ಎಂಥವಳು ಗಂಟುಬಿದ್ದಳಪ್ಪ ಎಂದು ನೆಂಟರು ನಗುತ್ತಿದ್ದರು. ಮದುವೆಗೆ ಮುಂಚೆ ಅವನು "ಕೊನೇವರೆಗೂ ಜೊತೆಗಿರ್ತೀಯಾ?" ಎಂದು ಕೇಳಿದ್ದಕ್ಕೆ ಅವಳು ನಿಂತು ಯೋಚಿಸಿ "ಬಹುಮಟ್ಟಿಗೆ" ಎಂದಳಂತೆ. ಈ ಕಥೆಯನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವನೇ ಹೇಳುತ್ತಾನೆ, ಹೇಳಿ ಮೊದಲು ತಾನೇ ನಗುತ್ತಾನೆ. ನೆಟ್ಟಗೆ ನೋಡಿದರೆ ಅದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ಯಾವ ಹುಡುಗಿಯೂ ಕೊಟ್ಟಿರಲಿಕ್ಕಿಲ್ಲ. ಇಪ್ಪತ್ತೈದು ವರ್ಷ ಕಳೆದರೂ ಅವಳು ಜೊತೆಗೇ ಇದ್ದಾಳೆ.

ಅವಳ ಕೆಲಸ ನಾಳೆಯನ್ನು ಊಹಿಸುವುದು. ಊರಿಗೆ ನಾಳೆ ಎಷ್ಟು ಕರೆಂಟು ಬೇಕು, ಯಾವ ಹೊತ್ತಿಗೆ ಬೇಕು, ಅದು ಎಲ್ಲಿಂದ ಬರುತ್ತದೆ ಎಂದು ಇವತ್ತೇ ಹೇಳಬೇಕು. ಊರಿಗಾಗುವಷ್ಟು ಕರೆಂಟನ್ನು ಮೂಟೆ ಕಟ್ಟಿ ಅಟ್ಟದಲ್ಲಿಡಲು ಆಗುವುದಿಲ್ಲ. ಬೇಕಾದ ಕ್ಷಣದಲ್ಲೇ ಹುಟ್ಟಿಸಬೇಕು. ಕಮ್ಮಿ ಊಹಿಸಿದರೆ ಯಾವುದೋ ಬೀದಿ ಕತ್ತಲಾಗುತ್ತದೆ, ಜಾಸ್ತಿ ಊಹಿಸಿದರೆ ಕಲ್ಲಿದ್ದಲು ಸುಮ್ಮನೆ ಬೂದಿಯಾಗುತ್ತದೆ. ಶಾಲೆಗೆ ರಜೆಯೇ, ಟಿವಿಯಲ್ಲಿ ಫೈನಲ್ ಪಂದ್ಯ ಇದೆಯೇ, ಸೆಕೆ ಏರುತ್ತದೆಯೇ, ಗಾಳಿ ಬೀಸುತ್ತದೆಯೇ, ಎಲ್ಲವನ್ನೂ ನೋಡಬೇಕು. ಬೇರೆಯವರಿಗೆ ತಲೆನೋವು ತರುವ ಈ ಕೆಲಸ ಅವಳಿಗೆ ಹಬ್ಬದೂಟ. ನಾಳೆ ಎಂದರೆ ಸಾಕು, ಅವಳ ಮೈ ಜುಮ್ಮೆನ್ನುತ್ತಿತ್ತು.

ಆದರೆ ಒಂದು ವಸ್ತುವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅದು ಊರಾಚೆಯ ಹಳೆಯ ಬಾಯ್ಲರ್. ಕಾಗದದಲ್ಲಿ ಅದಕ್ಕೆ ಏನೋ ಅಂಕಿ ಇತ್ತು, ಜನರ ಬಾಯಲ್ಲಿ ಅದರ ಹೆಸರು 'ಇರಲಿ'. ಕರೆಂಟು ಎಲ್ಲಿಯಾದರೂ ಸಾಲದೆ ಬಂದರೆ ಇರಲಿ ಎಂದು ಅದನ್ನು ಹಗಲಿರುಳು ಬಿಸಿಯಾಗಿಟ್ಟಿರುತ್ತಿದ್ದರು. ತಣ್ಣಗಾದ ಬಾಯ್ಲರನ್ನು ಮತ್ತೆ ಎಬ್ಬಿಸಲು ಅರ್ಧ ಹಗಲು ಬೇಕು, ಆದ್ದರಿಂದ ಬೇಡದ ದಿನವೂ ಬೆಂಕಿ ಆರುವಂತಿರಲಿಲ್ಲ. ಆ ಬೆಂಕಿ ಕಾಯುತ್ತಿದ್ದವನು ಅವಳ ಅಪ್ಪ. ಮೂವತ್ತು ವರ್ಷ ಅದೇ ಪಾಳಿ, ಅದೇ ಕುರ್ಚಿ, ಅದೇ ಕುಲುಮೆಯ ಕಬ್ಬಿಣದ ಬಾಗಿಲು. ವರ್ಷಕ್ಕೊಮ್ಮೆ ತಪಾಸಣೆಗೆಂದು ಬೆಂಕಿ ಆರಿಸಿದಾಗ ಕೆಲಸ ತಪಾಸಣೆಯವರದು, ಅಪ್ಪನಿಗೆ ರಜೆ. ಹಾಗಾಗಿ ಅದು ತಣ್ಣಗಿದ್ದುದನ್ನು ಅವನೊಬ್ಬನೇ ಕಂಡಿರಲಿಲ್ಲ.

ಅವಳು ಹುಡುಗಿಯಾಗಿದ್ದಾಗ ಶಾಲೆಯಲ್ಲೊಂದು ಸ್ಪರ್ಧೆ ನಡೆಯಿತು. ಗಾಜಿನ ಜಾಡಿಯ ತುಂಬ ಗೋಲಿಗಳು, ಎಷ್ಟಿವೆ ಎಂದು ಊಹಿಸಬೇಕು. ಅವಳಿಗೆ ಮೊದಲ ಬಹುಮಾನ. ವೇದಿಕೆಗೆ ಕರೆದಾಗ ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕದ ಕುರ್ಚಿ ಖಾಲಿ ಇತ್ತು. ಅಪ್ಪ ಬೆಂಕಿಯ ಮುಂದೆ ಕೂತಿದ್ದ, ಅವತ್ತು ಊರಿಗೆ ಆ ಬಾಯ್ಲರಿನಿಂದ ಒಂದು ಬಲ್ಬಿನಷ್ಟು ಕರೆಂಟೂ ಬೇಕಾಗಲಿಲ್ಲ. ಮನೆಗೆ ಬಂದ ಅಪ್ಪನನ್ನು ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಬೇಡದೇ ಇದ್ದದ್ದನ್ನ ಯಾಕೆ ಕಾಯ್ತೀಯ?"

"ಬೇಕಾದ್ರೆ ಇರಲಿ ಅಂತ, ಪುಟ್ಟಿ."

ಆ ಇರಲಿ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಅದನ್ನು ಕೀಳಲೆಂದೇ ಅವಳು ಈ ಕೆಲಸಕ್ಕೆ ಬಂದಳು ಎಂದರೆ ತಪ್ಪಾಗಲಿಕ್ಕಿಲ್ಲ.

ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕು ಕಂಪನಿಗಳಿದ್ದವು. ಗುಡ್ಡದವರಿಗೆ ಅಣೆಕಟ್ಟು, ಬಯಲಿನವರಿಗೆ ಬಿಸಿಲಿನ ಫಲಕಗಳು, ಬಂದರಿನವರಿಗೆ ಗಾಳಿಯಂತ್ರಗಳು, ಗಿರಣಿ ಊರಿನವರಿಗೆ ಒಂದಷ್ಟು ಸ್ವಂತ ಯಂತ್ರಗಳು ಮತ್ತು ತೀರದ ಹಸಿವು. ಐವರ ಮನೆಯಲ್ಲೂ ಒಂದೊಂದು ಇರಲಿ ಉರಿಯುತ್ತಿತ್ತು. ಅವಳು ಐವರನ್ನೂ ಕೂರಿಸಿ ಹೇಳಿದ್ದು ಇಷ್ಟೇ: ಒಂದು ಓಣಿಯಲ್ಲಿ ಐದು ಮನೆ ಇವೆ ಅಂದುಕೊಳ್ಳಿ. ಹೇಳದೆ ಕೇಳದೆ ನೆಂಟರು ಬಂದರೆ ಇರಲಿ ಎಂದು ಪ್ರತಿ ಮನೆಯವರೂ ದಿನಾ ಒಂದು ಊಟ ಜಾಸ್ತಿ ಮಾಡಿ ಸಂಜೆ ಚೆಲ್ಲುತ್ತಾರೆ. ನೆಂಟರೇನು ಐದೂ ಮನೆಗೆ ಒಂದೇ ದಿನ ಬರುತ್ತಾರೆಯೇ? ಓಣಿಗೆಲ್ಲ ಸೇರಿ ಎರಡು ಊಟ ಜಾಸ್ತಿ ಮಾಡಿದರೆ ಸಾಕು, ಯಾರ ಮನೆಗೆ ನೆಂಟರು ಬಂದರೂ ಅಲ್ಲಿಗೆ ತಟ್ಟೆ ಹೋಗುತ್ತದೆ.

ಮಾತು ಎಲ್ಲರಿಗೂ ಹಿಡಿಸಿತು, ಹಂಚಿಕೊಳ್ಳುವ ಒಪ್ಪಂದವೂ ಆಯಿತು, ಹಂಚುವ ಲೆಕ್ಕ ಅವಳ ತಲೆಗೇ ಬಂತು. ಆದರೆ ತಟ್ಟೆ ಮಾತ್ರ ಯಾರ ಮನೆಯಿಂದಲೂ ಹೊರಡಲಿಲ್ಲ. ಯಾಕೆಂದರೆ ಎಲ್ಲರೂ ಸುಳ್ಳು ಹೇಳುತ್ತಿದ್ದರು. ದುರುದ್ದೇಶದ ಸುಳ್ಳಲ್ಲ, ಹೆದರಿಕೆಯ ಸುಳ್ಳು. ಊಹಿಸುವವನು ತನ್ನ ತಲೆ ಉಳಿಯಲಿ ಎಂದು ಒಂದಿಷ್ಟು ಸೇರಿಸುತ್ತಿದ್ದ. ಅದನ್ನು ನೋಡಿದ ಪಾಳಿಯವನು ತನ್ನದೂ ಇರಲಿ ಎಂದು ಇನ್ನಿಷ್ಟು, ಸಹಿ ಹಾಕುವ ಸಾಹೇಬರು ತಮ್ಮ ಸಹಿಯ ತೂಕಕ್ಕೆ ಮತ್ತಿಷ್ಟು. ಹನಿ ಹನಿ ಕೂಡಿ ಹಳ್ಳವಾಗಿ, ಕೊಡುವಷ್ಟಿದ್ದವರು ಕೈಯಲ್ಲಿ ಏನೂ ಇಲ್ಲ ಎನ್ನುತ್ತಿದ್ದರು, ಸ್ವಲ್ಪ ಬೇಕಿದ್ದವರು ಬಾಚಿ ಕೇಳುತ್ತಿದ್ದರು. ಇದರಲ್ಲಿ ಗುಡ್ಡದ ಸಾಹೇಬರನ್ನು ಮೀರಿಸಿದವರಿಲ್ಲ. ಅವರ ಅಣೆಕಟ್ಟು ತುಂಬಿ ತುಳುಕುತ್ತಿದ್ದರೂ "ಏನ್ ಹೇಳ್ಲಿ ಮೇಡಂ, ಮೀನು ಕೂಡ ನಡ್ಕೊಂಡು ಹೋಗ್ತಿವೆ" ಎನ್ನುತ್ತಿದ್ದರು.

ಆದರೆ ಅವಳ ಕಿವಿ ಸಾಮಾನ್ಯದ್ದಲ್ಲ. ವರ್ಷಗಟ್ಟಲೆ ಆ ದನಿಗಳನ್ನು ಕೇಳಿ ಕೇಳಿ ಯಾರ ಸುಳ್ಳು ಎಷ್ಟು ಉದ್ದ ಎಂದು ಅವಳಿಗೆ ಅಂದಾಜು ಸಿಕ್ಕಿತ್ತು. ಗುಡ್ಡದವರು ಹೇಳಿದ್ದಕ್ಕೆ ಅರ್ಧ ಸೇರಿಸಬೇಕು. ಬಯಲಿನವರೂ ಗಿರಣಿಯವರೂ ಕೇಳಿದ್ದರಲ್ಲಿ ಮೂರರಲ್ಲೊಂದು ಪಾಲು ಕಳೆಯಬೇಕು. ಬಂದರಿನವರು ಮಾತ್ರ ಹೇಳಿದ್ದೇ ನಿಜ, ಅವರಿಗೆ ಸುಳ್ಳು ಹೇಳಲು ಬೇಕಾದ ಕಲ್ಪನೆ ಇರಲಿಲ್ಲ. ಫೋನಿನಲ್ಲಿ ಕಿವಿ ಒಂದು ಅಂಕಿ ಕೇಳುತ್ತಿದ್ದರೆ ಕೈ ಇನ್ನೊಂದನ್ನು ಬರೆಯುತ್ತಿತ್ತು. ಈ ವಿದ್ಯೆಯ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಕೊನೆಗೆ ಅವಳಿಗೇ ಸಾಕಾಯಿತು. ಒಬ್ಬರ ಸುಳ್ಳನ್ನು ಇನ್ನೊಬ್ಬರ ಊಹೆಯಿಂದ ತಿದ್ದಿಕೊಂಡು ಎಷ್ಟು ದಿನ ಓಡುವುದು? ಅವಳು ಹೊಸ ಪದ್ಧತಿಯನ್ನು ಮುಂದಿಟ್ಟಳು. ಇನ್ನು ಮೇಲೆ ಯಾರೂ ಒಂದು ಅಂಕಿ ಹೇಳಬಾರದು, ಎರಡು ಹೇಳಬೇಕು. ಮೊದಲನೆಯದು ನಿಮ್ಮ ನಿಜವಾದ ಅಂದಾಜು. ಎರಡನೆಯದು ಅದು ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬುದು. ಹೆದರಿಕೆಯನ್ನು ಅಂದಾಜಿನೊಳಗೆ ಬಚ್ಚಿಡದೆ ಪಕ್ಕದಲ್ಲಿ ಬಿಚ್ಚಿಡಿ, ಐವರ ಹೆದರಿಕೆಯನ್ನೂ ಒಟ್ಟಿಗೆ ಹಾಕಿ ನೋಡೋಣ, ಅದು ಬಿಡಿಬಿಡಿಯಾಗಿ ಕಂಡಷ್ಟು ದೊಡ್ಡದಿರುವುದಿಲ್ಲ ಎಂದಳು.

ಸಭೆಯಲ್ಲಿ ಗುಡ್ಡದ ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಾನು ನಿಜ ಹೇಳ್ತೀನಿ, ಸರಿ. ಉಳಿದವರು ಹೇಳ್ತಾರೆ ಅಂತ ಏನ್ ಗ್ಯಾರಂಟಿ?"

"ಗ್ಯಾರಂಟಿ ಇಲ್ಲ ಸಾರ್."

"ಮತ್ತೆ?"

"ಬಹುಮಟ್ಟಿಗೆ ಹೇಳ್ತಾರೆ."

ಗಡಿಯಾರದವನ ಕಥೆ ಅಲ್ಲಿಗೂ ಮುಟ್ಟಿತ್ತೋ ಏನೋ, ಸಭೆಯೆಲ್ಲ ನಕ್ಕಿತು. ನಗೆಯ ಭರದಲ್ಲೇ ಒಂದು ದಿನದ ಪರೀಕ್ಷೆಗೆ ಒಪ್ಪಿಗೆ ಬಿತ್ತು. ಷರತ್ತು ಮಾತ್ರ ಬಿಗಿ. ಆ ದಿನ ಐವರೂ ತಮ್ಮ ತಮ್ಮ ಇರಲಿಗಳನ್ನು ಆರಿಸಬೇಕು. ಯಾರ ಊರಿನಲ್ಲಾದರೂ ಒಂದು ಬೀದಿ ಕತ್ತಲಾದರೆ, ಅಥವಾ ಯಾರಾದರೂ ಹೆದರಿ ತಮ್ಮದನ್ನು ಹೊತ್ತಿಸಿದರೆ, ಹೊಸ ಪದ್ಧತಿ ಅಲ್ಲಿಗೆ ಮುಗಿಯಿತು, ಅವರವರ ಒಲೆ ಅವರವರಿಗೆ.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಹಾಲು ಉಕ್ಕಿಸಿದಳು, ಚಪ್ಪಲಿ ಅದಲುಬದಲು ಹಾಕಿಕೊಂಡಳು, ಬೀಗ ಹಾಕಿದ ಬಾಗಿಲನ್ನು ಮತ್ತೆ ತೆಗೆದು ಮತ್ತೆ ಬೀಗ ಹಾಕಿದಳು. ಅಪ್ಪ ಅವಳಿಗಿಂತ ಮೊದಲೇ ತನ್ನ ಹಳೆಯ ಟೋಪಿ ಹಾಕಿಕೊಂಡು ಹೊರಟಿದ್ದ. ಎರಡು ದಿನದ ಹಿಂದೆಯೇ ಬಾಯ್ಲರಿನ ಬೆಂಕಿ ಆರಿಸಿದ್ದರು. ಅಲ್ಲಿ ಕಾಯಲು ಏನೂ ಇರಲಿಲ್ಲ. ಆದರೂ ಅಪ್ಪ ಅಲ್ಲಿಗೇ ಹೋಗಿ ತನ್ನ ಕುರ್ಚಿಯಲ್ಲಿ ಕೂತ. ನಿವೃತ್ತನಾದವನನ್ನು ಒಳಗೆ ಬಿಡಬಾರದು ಎಂಬ ನಿಯಮ ಇತ್ತು, ಆದರೆ ಅದನ್ನು ಹೇಳಬೇಕಾದವನು ಅಪ್ಪನ ಕೈಕೆಳಗೆ ಕೆಲಸ ಕಲಿತವನು.

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಒಂದು ದೊಡ್ಡ ಫಲಕ. ಅದರಲ್ಲಿ ಹಸಿರು ಕೆಂಪು ಚುಕ್ಕೆಗಳು, ಊರಿಂದೂರಿಗೆ ಓಡುವ ಗೆರೆಗಳು, ನಡುವೆ ಒಂದೇ ಒಂದು ಅಂಕಿ. ಆ ಅಂಕಿ ಐವತ್ತರಲ್ಲಿ ನಿಂತಿದ್ದರೆ ಎಲ್ಲ ಕ್ಷೇಮ, ಇಳಿಯತೊಡಗಿದರೆ ಕರೆಂಟು ಸಾಲುತ್ತಿಲ್ಲ ಎಂದರ್ಥ. ಹಿಡಿ ಮುರಿದ ಟೀ ಕಪ್ಪಿನಲ್ಲಿ ಪೆನ್ನುಗಳು, ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರ್. ಐದು ಕಂಪನಿಗಳ ಕಂಪ್ಯೂಟರುಗಳು ಇನ್ನೂ ಒಂದರೊಡನೊಂದು ಮಾತು ಬಿಟ್ಟ ಓರಗಿತ್ತಿಯರ ಹಾಗಿದ್ದುದರಿಂದ ಅಂಕಿಗಳನ್ನು ಅವಳು ಫೋನಿನಲ್ಲೇ ತೆಗೆದುಕೊಂಡಳು. ಒಬ್ಬೊಬ್ಬರೂ ಎರಡೆರಡು ಅಂಕಿ ಹೇಳಿದರು. ಎಂಥ ಖುಷಿ ಅವಳಿಗೆ. ಕೂಡಿಸಿ ನೋಡಿದಳು. ಎಲ್ಲರಿಗೂ ಕೊಟ್ಟು ಇನ್ನೂ ನಲವತ್ತು ಮೆಗಾವ್ಯಾಟ್ ಉಳಿಯುತ್ತಿತ್ತು.

"ನಲವತ್ತು ಉಳೀತದೆ ರೀ," ಎಂದಳು ಪಾಳಿಯ ಇಂಜಿನಿಯರಿಗೆ. ಅವನು ಅವಳೊಂದಿಗೆ ಬಹಳ ಕಾಲದಿಂದ ಕೆಲಸ ಮಾಡಿದವನು, ಭೂಕಂಪವಾದರೂ ಮೊದಲು ಟೀ ಮುಗಿಸುವ ಜಾತಿ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡಿ ಮೇಡಂ," ಎಂದ ಅವನು.

ಹತ್ತು ಗಂಟೆಯ ಸುಮಾರಿಗೆ ಬಯಲಿನ ಮೇಲೆ ಮೋಡ ಬಂತು. ಬರಬಹುದು ಎಂದು ಅಂದಾಜಿತ್ತು, ಆದರೆ ಇಷ್ಟು ದಟ್ಟವಾಗಿ ಅಲ್ಲ. ಸಂಜೆಯವರೆಗೆ ಅದು ಸರಿಯುವ ಹಾಗಿರಲಿಲ್ಲ. ಮೋಡ ಕವಿದರೆ ಎರಡು ಪೆಟ್ಟು: ಬಿಸಿಲಿನ ಕರೆಂಟು ಹೋಗುತ್ತದೆ, ದೀಪಗಳೂ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳುತ್ತವೆ. ಕಚೇರಿಗಳು ಇನ್ನೂ ತೆರೆದಿರುವಾಗಲೇ ಮನೆಗಳಲ್ಲಿ ದೀಪ ಬೆಳಗುವ ಆ ಹೊತ್ತೇ ಗಂಡಾಂತರದ ಹೊತ್ತು.

ಪಾಳಿಯ ಇಂಜಿನಿಯರ್ ಫೋನಿಟ್ಟು ಹೇಳಿದ. "ಬಯಲಿನವರು ಅರವತ್ತು ಕೇಳಿದ್ರು ಬೆಳಿಗ್ಗೆ. ಈಗ ಎಂಬತ್ತು ಬೇಕು ಅಂತಾರೆ."

"ಅವರದ್ದು ಯಾವಾಗ್ಲೂ ಇದೇ ಗೋಳು. ಮೂರ್ರಲ್ಲಿ ಒಂದ್ ಪಾಲು ಕಳೆದು ಬರ್ಕೊಳ್ಳಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳ ಕಿವಿಗೇ ಬಿತ್ತು. ಇವತ್ತು ಕಳೆಯುವುದೇನಿದೆ? ಇವತ್ತು ಅವರು ನಿಜ ಹೇಳುವ ದಿನವಲ್ಲವೇ?

ಮುಂದಿದ್ದ ಹಾಳೆ ನೋಡಿದಳು. ಬಯಲಿನವರಿಗೆ ಬೇಕು, ನಲವತ್ತು ಎಂದು ಅವಳದೇ ಅಕ್ಷರ. ಇಂಜಿನಿಯರ್ ಈಗ ತಾನೇ ಅರವತ್ತು ಅಂದನಲ್ಲ? ಕೊಠಡಿಯ ಪ್ರತಿ ಫೋನ್ ಮಾತೂ ಧ್ವನಿಮುದ್ರಣವಾಗುತ್ತದೆ. ಬೆಳಗಿನ ಮಾತುಗಳನ್ನು ಹಿಂದಕ್ಕೋಡಿಸಿದಳು. ಗುಡ್ಡದ ಸಾಹೇಬರ ದನಿ ಸ್ಪಷ್ಟವಾಗಿತ್ತು: ಕೊಡಬಲ್ಲದ್ದು ಅರವತ್ತು, ಹದಿನೈದು ಹೆಚ್ಚುಕಮ್ಮಿ. ಹಾಳೆಯಲ್ಲಿ ತೊಂಬತ್ತು. ಗಿರಣಿಯವರು ಕೇಳಿದ್ದು ಮೂವತ್ತು, ಹಾಳೆಯಲ್ಲಿ ಇಪ್ಪತ್ತು. ಅಂಕಿಗಳು ಕಿವಿಯಿಂದ ಒಳಗೆ ಬಂದಿದ್ದವು, ಕೈ ಮಾತ್ರ ತನ್ನ ಹಳೆಯ ಜಾಣತನವನ್ನೇ ಬರೆದಿತ್ತು. ಎಲ್ಲರೂ ಸುಳ್ಳು ಬಿಟ್ಟ ದಿನ, ಅವರ ಸುಳ್ಳನ್ನು ತಿದ್ದುವ ಚಟವನ್ನು ಬಿಡಲು ಮರೆತವಳು ಅವಳೊಬ್ಬಳೇ.

ಮತ್ತೆ ಕೂಡಿಸಿದಳು. ನಲವತ್ತು ಉಳಿಯುತ್ತದೆ ಎಂದಿದ್ದ ಜಾಗದಲ್ಲಿ ಇಪ್ಪತ್ತು ಕೊರತೆ. ಮೋಡದ ಪಾಲೂ ಸೇರಿ ನಲವತ್ತು ಕೊರತೆ.

"ಏನಾಯ್ತು ಮೇಡಂ?" ಇಂಜಿನಿಯರ್ ಟೀ ಕಪ್ಪು ಕೆಳಗಿಟ್ಟ. ಅವನು ಅರ್ಧ ಟೀ ಬಿಟ್ಟದ್ದನ್ನು ಆ ಕೊಠಡಿ ಅವತ್ತೇ ಕಂಡದ್ದು.

"ಹೆಚ್ಚುಕಮ್ಮಿ ಆಗಿದೆ," ಎಂದಳು ಅವಳು, ನಗು ಬರಲಿಲ್ಲ.

ದಾರಿ ಒಂದಿತ್ತು, ಬಹಳ ಸುಲಭದ ದಾರಿ. ಈಗಲೇ ಬಾಯ್ಲರಿಗೆ ಬೆಂಕಿ ಹಾಕಿಸಿದರೆ ಆ ಗಂಡಾಂತರದ ಹೊತ್ತಿಗೆ ಸರಿಯಾಗಿ ಆವಿ ಸಿದ್ಧವಾಗುತ್ತದೆ. ಇನ್ನೊಂದು ಗಂಟೆ ಬಿಟ್ಟರೆ ಅದೂ ಇಲ್ಲ. ಬೇರೆ ಊರಿನವರಿಗೆ ಹೊಗೆ ಕಾಣುವುದಿಲ್ಲ, ಈ ಊರಿನಲ್ಲಿ ಕಂಡವರಿಗೆ ಕಸ ಸುಡುತ್ತಿದ್ದಾರೆ ಎಂದರಾಯಿತು. ಬೀದಿಗಳೂ ಉಳಿಯುತ್ತವೆ, ಅವಳ ಮಾನವೂ ಉಳಿಯುತ್ತದೆ, ಪರೀಕ್ಷೆ ಗೆದ್ದ ಹಾಗೂ ಆಗುತ್ತದೆ. ಆದರೆ ಉಳಿದ ನಾಲ್ಕು ಮನೆಯವರನ್ನು ನಂಬಿಸಿ ಒಲೆ ಆರಿಸಿದವಳು ತಾನು ಮಾತ್ರ ಹಿತ್ತಿಲಲ್ಲಿ ಗುಟ್ಟಾಗಿ ಒಲೆ ಹಚ್ಚಿದ ಹಾಗೂ ಆಗುತ್ತದೆ. ಕೈ ಆಗಲೇ ಬಾಯ್ಲರ್ ಮನೆಯ ಸಂಖ್ಯೆ ಒತ್ತಿತ್ತು.

"ಹಲೋ, ಬಾಯ್ಲರ್ ಮನೆ."

"ಅಪ್ಪ? ನೀನ್ಯಾಕೆ ಫೋನ್ ಎತ್ತಿದೆ?"

"ಹುಡುಗ್ರು ಟೀಗೆ ಹೋದ್ರು. ಬೆಂಕಿ ಇಲ್ಲ ಅಂದ್ಮೇಲೆ ಕಾಯೋದೇನು. ನಿನ್ ದನಿ ಯಾಕೆ ಹಂಗಿದೆ?"

ಅವಳು ಹೇಳಿದಳು, ಒಂದನ್ನೂ ಮುಚ್ಚದೆ. ಅಪ್ಪ ಕೇಳಿಸಿಕೊಂಡ.

"ನೀನಾಗಿದ್ರೆ ಏನ್ ಮಾಡ್ತಿದ್ದೆ?" ಎಂದಳು.

"ಕೇಳ್ಬೇಕಾ? ಇಷ್ಟೊತ್ತಿಗೆ ಹೊತ್ತಿಸಿರ್ತಿದ್ದೆ."

"ಹಂಗಾದ್ರೆ ಹೊತ್ತಿಸ್ಲಾ?"

"ಅವರನ್ನ ಕೇಳಿದ್ಯಾ, ಆ ನಾಲ್ಕು ಜನಾನ?"

"ಇಲ್ಲ."

"ಕೇಳದೇನೇ ಕೊಡಲ್ಲ ಅಂದ್ಕೊಂಡ್ಯಾ?" ಅಪ್ಪ ಕೆಮ್ಮಿದ. "ಕೇಳಿ ನೋಡು ಪುಟ್ಟಿ. ಕೊಡ್ಲಿಲ್ಲ ಅಂದ್ರೆ ನಾನಿದೀನಿ, ಕಲ್ಲಿದ್ದಲಿದೆ. ಮೊದ್ಲು ಕೇಳು."

ತಾನು ಅವರು ಹೇಳಿದ್ದನ್ನೂ ನಂಬಿರಲಿಲ್ಲ, ಈಗ ಕೇಳಿದರೆ ಕೊಡುತ್ತಾರೆ ಎಂಬುದನ್ನೂ ನಂಬುತ್ತಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಎಲ್ಲಿಂದಲೋ ಒಂದು ಧೈರ್ಯವೂ ಬಂತು. ಐವರಿಗೂ ಒಟ್ಟಿಗೆ ಕೇಳುವ ಫೋನ್ ಸಾಲನ್ನು ತೆರೆದಳು. ಈ ಕೊಠಡಿಯ ಮಾತು ಐದೂ ಕೊಠಡಿಗಳಲ್ಲಿ ಜೋರಾಗಿ ಕೇಳಿಸುತ್ತದೆ, ಅಲ್ಲಿ ಕೂತವರೆಲ್ಲ ಕೇಳುತ್ತಾರೆ. ಅವಳು ಎದ್ದು ನಿಂತೇ ಮಾತಾಡಿದಳು.

"ನೀವು ನಾಲ್ಕೂ ಜನ ಬೆಳಿಗ್ಗೆ ನಿಜ ಹೇಳಿದ್ರಿ. ನಾನು ನಂಬಿಲ್ಲ. ಹಳೇ ಚಟ. ಗುಡ್ಡದವರು ಹೇಳಿದ್ದಕ್ಕೆ ಅರ್ಧ ಸೇರಿಸಿ ಬರ್ದಿದೀನಿ. ಬಯಲಿನವರು, ಗಿರಣಿಯವರು ಕೇಳಿದ್ರಲ್ಲಿ ಕತ್ತರಿಸಿದೀನಿ. ಈಗ ದೀಪ ಹಚ್ಚೋ ಹೊತ್ತಿಗೆ ನಲವತ್ತು ಸಾಲಲ್ಲ. ತಪ್ಪು ನಂದು. ಯಾರ ಹತ್ರ ಏನಿದೆ, ಎಷ್ಟು ಹೆಚ್ಚುಕಮ್ಮಿ, ಈಗಿನ ಲೆಕ್ಕ ಹೇಳಿ."

ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಆಮೇಲೆ ಗುಡ್ಡದ ಸಾಹೇಬರ ದನಿ, ಅಳುವೋ ಸಿಟ್ಟೋ ತಿಳಿಯದ ದನಿ ಬಂತು.

"ಮೇಡಂ, ನಾನು ಈ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷ. ಇವತ್ತು ಮೊದಲ್ನೇ ಸಲ ನಿಜ ಹೇಳ್ದೆ. ರಾತ್ರಿ ನಿದ್ದೆ ಮಾಡಿಲ್ಲ ಗೊತ್ತಾ? ಅದಕ್ಕೂ ಅರ್ಧ ಸೇರಿಸ್ಬಿಟ್ರಾ?"

ಬಂದರಿನ ಕೊಠಡಿಯಲ್ಲಿ ಯಾರೋ ಕಿಸಕ್ಕೆಂದರು. ಗಿರಣಿಯವರು ನಕ್ಕರು. ಅದು ಅಂಟುರೋಗದ ಹಾಗೆ ಸಾಲಿನುದ್ದಕ್ಕೂ ಹಬ್ಬಿ, ಕೊನೆಗೆ ಗುಡ್ಡದ ಸಾಹೇಬರೂ ಗೊಳ್ಳೆಂದರು. ಅವಳ ಕಣ್ಣಲ್ಲಿ ನೀರು ಬಂದಿತ್ತು, ನಗುವಿನದೋ ಇನ್ನೊಂದರದೋ ಯಾರು ಬಲ್ಲರು.

ಆಮೇಲೆ ನಡೆದದ್ದನ್ನು ಪಾಳಿಯ ಇಂಜಿನಿಯರ್ ಇವತ್ತಿಗೂ ಕೈ ಬೀಸಿ ಬೀಸಿ ಹೇಳುತ್ತಾನೆ. ಯಾರೂ ಗೋಳಾಡಲಿಲ್ಲ, ಯಾರೂ ಬಚ್ಚಿಡಲಿಲ್ಲ. ಗುಡ್ಡದವರು, ಮೇಲಿನ ಕಾಡಿನಲ್ಲಿ ಬೆಳಗಿನಿಂದ ಮಳೆ ಹಿಡಿದಿದೆ, ಈಗ ಎಪ್ಪತ್ತೈದು ಕೊಡುತ್ತೇವೆ, ಐದು ಹೆಚ್ಚುಕಮ್ಮಿ ಎಂದರು. ಬೆಳಿಗ್ಗೆ ಹದಿನೈದಿದ್ದ ಅನುಮಾನ ಈಗ ಐದಕ್ಕೆ ಇಳಿದಿತ್ತು, ಯಾಕೆಂದರೆ ನಾಳೆ ಅಂದುಕೊಂಡದ್ದು ಹತ್ತಿರ ಬಂದಷ್ಟೂ ಮುಖ ಸ್ಪಷ್ಟವಾಗುತ್ತದೆ. ಗಿರಣಿಯವರು ಬಣ್ಣ ಹಾಕುವ ಒಂದು ಶೆಡ್ಡನ್ನು ದೀಪದ ಹೊತ್ತು ದಾಟಿದ ಮೇಲೆ ಓಡಿಸುತ್ತೇವೆ, ಹತ್ತು ಬಿಟ್ಟುಕೊಟ್ಟೆವು ಎಂದರು. ಬಂದರಿನವರು ಎಂದಿನಂತೆ ನೀರಸವಾಗಿ, "ಇಲ್ಲಿ ಗಾಳಿ ಎದ್ದಿದೆ, ಇಪ್ಪತ್ತು ಜಾಸ್ತಿ ಬರುತ್ತೆ, ಐದು ಹೆಚ್ಚುಕಮ್ಮಿ," ಎಂದರು. ಬಯಲಿನ ಬಿಸಿಲು ನುಂಗಿದ ಮೋಡವೇ ಬಂದರಿಗೆ ಗಾಳಿ ತಂದಿತ್ತು.

ಹದಿನೈದು, ಹತ್ತು, ಇಪ್ಪತ್ತು. ಒಟ್ಟು ನಲವತ್ತೈದು. ಕೊರತೆ ಕಳೆದು ಐದು ಉಳಿಯಿತು. ನೀರೂ ಗಾಳಿಯೂ ಒಂದೇ ಹೊತ್ತಿಗೆ ಕೈಕೊಟ್ಟರೆ ಐದು ಕೊರತೆ. ಒಂದೇ ಹೊತ್ತಿಗೆ ಕೈಕೊಡುವುದು ಅಪರೂಪ, ಆದರೆ ಆಗದ ಮಾತಲ್ಲ. ಇಷ್ಟು ದಿನ ಬಾಯಲ್ಲಿ ಹೇಳುತ್ತ ಬಂದದ್ದನ್ನು ಈಗ ಎದೆಯ ಮೇಲೆ ಕೈಯಿಟ್ಟು ನಂಬಬೇಕಿತ್ತು. ಅವಳು ಬಾಯ್ಲರ್ ಮನೆಗೆ ಫೋನ್ ಮಾಡಿ "ಬೇಡ ಅಪ್ಪ" ಎಂದಳು. ಅಪ್ಪ ಹೂಂ ಎಂದ.

ಮಧ್ಯಾಹ್ನ ಕಳೆಯಿತು. ಮೋಡ ಇನ್ನಷ್ಟು ಕಪ್ಪಾಯಿತು. ಅವಳು ಕಿಟಕಿಯ ಬಳಿ ನಿಂತು ನೋಡಿದಳು. ಮೊದಲು ಹೊಲಿಗೆ ಅಂಗಡಿಯ ದೀಪ, ಆಮೇಲೆ ಔಷಧಿ ಅಂಗಡಿಯದು, ಆಮೇಲೆ ಮೇಲಿನ ಮನೆಗಳಲ್ಲಿ ಒಂದೊಂದೇ. ಹೊತ್ತಿಗೆ ಮೊದಲೇ ಊರು ದೀಪ ಹಚ್ಚುತ್ತಿತ್ತು. ಗೋಡೆಯ ನಡುವಿನ ಅಂಕಿ ಐವತ್ತರಿಂದ ಕೆಳಗಿಳಿಯತೊಡಗಿತು. ಇನ್ನಷ್ಟು ಇಳಿಯಿತು. ಇಂಜಿನಿಯರನ ಕೈ ಬೀದಿಗಳನ್ನು ಕತ್ತರಿಸುವ ಗುಂಡಿಗಳ ಹತ್ತಿರ ಹೋಗಿ ನಿಂತಿತು. ಕೊಠಡಿಯಲ್ಲಿ ಒಬ್ಬರೂ ಕೂತಿರಲಿಲ್ಲ.

ಸಾಲಿನಲ್ಲಿ ಬಂದರಿನವರ ದನಿ ಬಂತು. "ಗಾಳಿ ಸ್ವಲ್ಪ ಬಿತ್ತು. ಹೇಳಿದ್ದಕ್ಕಿಂತ ನಾಲ್ಕು ಕಮ್ಮಿ."

ಅವಳು ಮೇಜಿನ ಅಂಚು ಹಿಡಿದಳು. ಇನ್ನು ಒಂದೇ ಒಂದು ಮೆಗಾವ್ಯಾಟ್ ಉಳಿದಿತ್ತು.

"ನಮ್ಮಲ್ಲಿ ಮೂರು ಜಾಸ್ತಿ ಬರ್ತಿದೆ," ಎಂದರು ಗುಡ್ಡದ ಸಾಹೇಬರು, ಓಡಿ ಬಂದವರಂತೆ ಏದುಸಿರು ಬಿಡುತ್ತ. "ನಿಜವಾಗ್ಲೂ ಮೂರೇ. ಏನೂ ಸೇರಿಸ್ಬೇಡಿ ಮೇಡಂ."

ಅಂಕಿ ನಿಂತಿತು. ಅಲ್ಲೇ ತೂಗಾಡಿತು. ಆಮೇಲೆ ಬೆಟ್ಟ ಹತ್ತುವ ಮುದುಕನ ಹಾಗೆ ನಿಂತು ನಿಂತು ಮೇಲೇರಿತು. ಕಚೇರಿಗಳು ಮುಚ್ಚಿದವು, ಜನ ಬೀದಿಗೆ ಬಂದರು, ಬೀದಿ ದೀಪಗಳ ಕೆಳಗೆ ಮನೆಗೆ ನಡೆದರು. ಐದು ಊರುಗಳಲ್ಲಿ ಒಂದು ಬೀದಿಯೂ ಕತ್ತಲಾಗಲಿಲ್ಲ. ಇಂಜಿನಿಯರ್ ಅವಳ ಎರಡೂ ಕೈ ಹಿಡಿದು ಕುಲುಕಿದ, ಆಮೇಲೆ ನಾಚಿಕೊಂಡು ಆರಿದ ಟೀಯನ್ನೇ ಕುಡಿದ. ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಅವಳಿಗೆ ಕುಣಿಯಬೇಕೆನ್ನಿಸಿತು, ಕುಣಿಯಲು ಬಾರದ್ದರಿಂದ ಕೊಠಡಿಯನ್ನು ಎರಡು ಸುತ್ತು ಸುತ್ತಿದಳು.

ಬಾಯ್ಲರ್ ಮನೆಗೆ ಅವಳು ಹೆಚ್ಚುಕಮ್ಮಿ ಓಡಿಯೇ ಹೋದಳು. ಒಳಗೆ ಯಾವ ಸದ್ದೂ ಇರಲಿಲ್ಲ. ಅಪ್ಪ ಕುರ್ಚಿಯಲ್ಲಿರಲಿಲ್ಲ. ಕುಲುಮೆಯ ಮುಂದೆ ನಿಂತು ಅದರ ಕಬ್ಬಿಣದ ಬಾಗಿಲಿನ ಮೇಲೆ ಬರಿಯ ಅಂಗೈ ಊರಿದ್ದ. ಮೂವತ್ತು ವರ್ಷ ದಪ್ಪ ಕೈಗವಸಿಲ್ಲದೆ ಅವನು ಅದನ್ನು ಮುಟ್ಟಿರಲಿಲ್ಲ.

"ಎಲ್ಲ ಉಳೀತು ಅಪ್ಪ. ಒಂದು ಬೀದೀನೂ ಹೋಗ್ಲಿಲ್ಲ."

"ಹುಡುಗ್ರು ಹೇಳಿದ್ರು." ಅಪ್ಪ ಕೈ ತೆಗೆಯಲಿಲ್ಲ. "ಎಷ್ಟು ತಣ್ಣಗಿದೆ ನೋಡು."

ಅವಳೂ ಪಕ್ಕದಲ್ಲಿ ನಿಂತು ಕೈಯಿಟ್ಟಳು. ಹೌದು, ನೀರಿನ ಮಡಕೆಯಷ್ಟು ತಣ್ಣಗಿತ್ತು.

"ಹಂಗಾದ್ರೆ ಅವತ್ತು ನಾನು ಬರ್ಬೋದಿತ್ತು, ಅಲ್ವಾ?" ಎಂದ ಅಪ್ಪ, ಬಾಗಿಲನ್ನೇ ನೋಡುತ್ತ. "ಆ ಗೋಲಿ ಜಾಡಿ ಬಹುಮಾನದ ದಿನ."

ಅಪ್ಪನಿಗೆ ಅದು ನೆನಪಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಕಾಯುತ್ತಿದ್ದ ಮಾತು ಅದು, ಹೌದು ಬರಬಹುದಿತ್ತು ಎಂದು ಹೇಳುವ ದಿನಕ್ಕಾಗಿಯೇ ಇಷ್ಟೆಲ್ಲ ಓಡಿದ್ದಳು. ಈಗ ಅದನ್ನು ಹೇಳಲು ಹೋದರೆ ಬೇರೆಯದೇ ಬಂತು.

"ಇಲ್ಲ ಅಪ್ಪ. ನಂಗೆ ಇವತ್ತು ಕೇಳೋಕೆ ನಾಲ್ಕು ಜನ ಇದ್ರು. ನಿಂಗೆ ಅವತ್ತು ಯಾರಿದ್ರು?"

ಅಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಬರೋಕಾಗ್ತಿರ್ಲಿಲ್ಲ ಅಂತೀಯ. ಹೆಚ್ಚುಕಮ್ಮಿ ಎಷ್ಟು?"

"ಏನೂ ಇಲ್ಲ," ಎಂದಳು ಅವಳು.